ಉಡಿ ತುಂಬಿಸಿಕೊಂಡು ಬಂದ ತೊಲೆ

ನಮ್ಮ ಪಡಸಾಲೆಯ ತೊಲೆಯ ಅಂಚಿನಲ್ಲಿ ಎರಡು ತಗ್ಗುಗಳಿವೆ, ಒಂದೊಂದೂ ಕಿರುಬೆರಳು ಕೂರುವಷ್ಟು ಆಳ. ತೊಟ್ಟಿಲಿನ ಹಗ್ಗ ಉಜ್ಜಿ ಉಜ್ಜಿ ಆದವು. ಆ ತೊಟ್ಟಿಲಲ್ಲಿ ನಮ್ಮ ಮನೆಯ ಯಾವ ಮಗುವೂ ಮಲಗಿದ್ದಿಲ್ಲ.

ಆ ತೊಲೆ ನಮ್ಮ ಮನೆಗೆ ಬಂದದ್ದು ನಾನು ನಾಲ್ಕನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ. ಒಬ್ಬರ ಮನೆಯ ಬಾಗಿಲು ಇನ್ನೊಬ್ಬರ ಮನೆಗೆ ಹೋಗುವುದು, ಬಿದ್ದ ಗೋಡೆಯ ಮಣ್ಣು ಮತ್ತೊಬ್ಬರ ಮಾಳಿಗೆ, ಅಂದರೆ ಮಣ್ಣಿನ ಚಾವಣಿ, ಏರುವುದು ಆಗ ನಮ್ಮೂರು ರೋಣದಲ್ಲಿ ಯಾರಿಗೂ ವಿಶೇಷವೆನಿಸುತ್ತಿರಲಿಲ್ಲ. ಆ ಮಣ್ಣಿಗೆ ಹಾಳುಮಣ್ಣು ಎನ್ನುತ್ತಿದ್ದರು. ಹೆಸರು ಹಾಗಿದ್ದರೂ ಮಾಳಿಗೆಗೆ ಅದಕ್ಕಿಂತ ಒಳ್ಳೆಯ ಮಣ್ಣಿಲ್ಲ.

ನಮ್ಮ ಹಳೆಯ ತೊಲೆಗೆ ಗೆದ್ದಲು, ನಮ್ಮ ಕಡೆಯ ಮಾತಿನಲ್ಲಿ ವರಲಿ, ಹಿಡಿದಿತ್ತು. ಊಟಕ್ಕೆ ಕುಳಿತರೆ ರೊಟ್ಟಿಯ ಮೇಲೆ ಕಟ್ಟಿಗೆಯ ಪುಡಿ ಉದುರುತ್ತಿತ್ತು. ಪೇಟೆಯಲ್ಲಿ ಅಡತಿ ಅಂಗಡಿ ಇಟ್ಟಿದ್ದ ಅಪ್ಪ, ಇಡೀ ಮಾಳಿಗೆ ಕೆಡವಿ ಸ್ಲ್ಯಾಬ್ ಹಾಕಿಸುವುದೆಂದು ನಿರ್ಧರಿಸಿಬಿಟ್ಟರು. ಅವ್ವ ಒಪ್ಪಲಿಲ್ಲ. ದಿನವಿಡೀ ಆ ಪಡಸಾಲೆಯಲ್ಲಿ ಹೊಲಿಗೆ ಮಷಿನ್ ತುಳಿಯುವವಳು ಅವಳು.

"ಮಗ್ಗಲ ಮನಿ ಸ್ಲ್ಯಾಬಿನ ಕೆಳಗ ಮಧ್ಯಾಹ್ನ ಕುಂತ್ರ ಒಲಿ ಮ್ಯಾಲ ಕುಂತಂಗ ಆಗತೈತ್ರಿ. ನನ್ನ ಕೈಲೆ ಆಗೂದಿಲ್ಲ."

"ಊರ ಮಂದಿ ಹಳೀ ತೊಲಿ ಕಿತ್ತು ಒಗ್ಯಾಕ ಹತ್ಯಾರ. ನೀ ಹುಡಿಕ್ಕೊಂಡ ಹೊಂಟಿ."

"ಒಗದದ್ದನ್ನ ತರ್ತೀನ್ರಿ. ಯಾರದ ಮನೀ ಕೆಡವಿ ತರಾಂಗಿಲ್ಲ."

ಅಪ್ಪ ನಕ್ಕು, "ಮಿರಗಾ ಮಳಿ ಹಿಡ್ಯೂದ್ರಾಗ ಗಟ್ಟಿ ತೊಲಿ ಸಿಕ್ರ ಮಣ್ಣು. ಇಲ್ಲಂದ್ರ ಸ್ಲ್ಯಾಬು. ಆಮ್ಯಾಲ ಮಾರಿ ಉಬ್ಬಿಸ್ಕೊಂಡ ಕೂಡಬ್ಯಾಡ" ಎಂದರು.

ಅವ್ವ ಹೊರಟಳು, ರಜೆಯಿದ್ದ ನಾನೂ ಬೆನ್ನು ಹತ್ತಿದೆ. ನರಗುಂದದಲ್ಲಿ ಕೆಡವಿದ ಒಂದು ಮನೆಯಲ್ಲಿ ಅಡ್ಡ ಹಾಕುವ ಜಂತಿಗಳು ಸಿಕ್ಕವು. ತೊಲೆಯನ್ನು ಮಾತ್ರ ಅವ್ವ ಕಲ್ಲಿನಿಂದ ಕುಟ್ಟಿ, ಕಿವಿಯಿಟ್ಟು ಕೇಳಿ, "ಒಳಗ ಟೊಳ್ಳೈತಿ" ಎಂದು ಕೈ ಝಾಡಿಸಿಕೊಂಡಳು. ಹಳೆಯ ಹೊಗೆಯ, ಬಾವಲಿ ಹಿಕ್ಕೆಯ ವಾಸನೆ ನಮ್ಮ ಬಟ್ಟೆಗಳನ್ನು ಹಿಡಿದುಕೊಂಡಿತ್ತು. ನಾನು ಮಣ್ಣಿನ ಗುಡ್ಡೆಯಲ್ಲಿ ಬಣ್ಣದ ಗಾಜಿನ ಚೂರು ಆರಿಸುತ್ತಿದ್ದೆ.

ಮಳೆ ಹತ್ತಿರವಾದಾಗ ಗಜೇಂದ್ರಗಡಕ್ಕೆ ಹೋದೆವು. ಬಸ್ ಸ್ಟ್ಯಾಂಡಿನಲ್ಲಿ ಗಿರಮಿಟ್ ತಿಂದು, ಕೇಳುತ್ತ ಕೇಳುತ್ತ ಬಸಲಿಂಗವ್ವ ಎಂಬ ಮುದುಕಿಯ ಮನೆ ಮುಟ್ಟಿದೆವು. ಅಂಗಡಿ ಸಾಲು ಕಟ್ಟಿಸಲು ಆಕೆಯ ಮಗ ಮನೆಯ ಮುಂಭಾಗ ಕೆಡವಿಸಿದ್ದ. ಗೋಡೆಗೆ ಒರಗಿಸಿಟ್ಟ ತೇಗದ ತೊಲೆಯನ್ನು ಅವ್ವ ಕುಟ್ಟಿದಳು. ಕಂಚಿನ ಪಾತ್ರೆಯಂಥ ಸದ್ದು ಬಂತು.

"ಅದನ್ನ ಮಾರೂದಿಲ್ಲ ಯವ್ವಾ" ಎಂದಳು ಬಸಲಿಂಗವ್ವ. "ಕಂಬ ಒಯ್ಯಿ, ಬಾಗಲಾ ಒಯ್ಯಿ. ಈ ಮನ್ಯಾಗ ಹುಟ್ಟಿದಾವ್ರೆಲ್ಲಾ ಅದಕ್ಕ ಕಟ್ಟಿದ ತೊಟ್ಟಲದಾಗ ಮಲಗ್ಯಾರ. ರೊಕ್ಕಾ ಇಸಕೊಂಡ್ರ ಮಕ್ಕಳನ್ನ ಮಾರಿದಂಗ ಆಗತೈತಿ."

"ಮತ್ತ ಏನ ಮಾಡ್ತೀರಿ ಅದನ್ನ?"

ಮಗ ಒಳಗಿನಿಂದಲೇ, "ಏನ ಮಾಡೂದ್ರಿ, ಕಡದು ಒಲೀಗೆ ಹಾಕೂದು" ಎಂದ. ಮುದುಕಿ ತೊಲೆಯ ಮೇಲೆ ಕೈಯಿಟ್ಟು ಕುಳಿತೇ ಇದ್ದಳು.

ಅವ್ವ ಆಕೆಯ ಮಗ್ಗುಲಲ್ಲಿ ಕುಳಿತು, "ಹಂಗಾದ್ರ ಮಾರಬ್ಯಾಡ್ರಿ ಯವ್ವಾ, ಹೆಣ್ಣ ಕೊಟ್ಟಂಗ ಕೊಡ್ರಿ" ಎಂದಳು.

ಬಸಲಿಂಗವ್ವ ತಲೆಯೆತ್ತಿದಳು. "ಹೆಣ್ಣ ಕೇಳಾಕ ಹೆಂಗಸು ಒಬ್ಬಾಕೀನ ಬರ್ತಾಳೇನ? ನಿನ್ನ ಗಂಡ ಎಲ್ಲದಾನ?"

"ಸ್ಲ್ಯಾಬ ಹಾಕಸ್ತೀನಂತ ಮನ್ಯಾಗ ಕುಂತಾರ್ರಿ."

ಮುದುಕಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅವನ್ನ ಕರಕೊಂಡ ಬಾ. ಅವ ಬಾಯಿಬಿಟ್ಟ ಕೇಳ್ಲಿ."

ಅಪ್ಪ ಬರುತ್ತಾರೆಂದು ನಾನು ನಂಬಿರಲಿಲ್ಲ. ಆದರೂ ಮರುವಾರ ಬಂದರು, ಎಲೆ ಅಡಿಕೆ, ತೆಂಗಿನಕಾಯಿ ಹಿಡಿದು, ಯಾರಾದರೂ ನೋಡುತ್ತಾರೇನೋ ಎಂದು ಆಚೀಚೆ ಕಣ್ಣು ಹಾಯಿಸುತ್ತ.

"ಬರ್ರಿ ಬೀಗರ, ಕುಂದರ್ರಿ" ಎಂದಳು ಬಸಲಿಂಗವ್ವ. ಕುಳಿತುಕೊಳ್ಳಲು ಅರ್ಧ ಬಿದ್ದ ಕಟ್ಟೆಯೊಂದೇ ಇತ್ತು. ನನ್ನ ಕೈಗೆ ಶೇಂಗಾ ಉಂಡೆ ಬಂತು. ಆಮೇಲೆ ಆಕೆ ಗಂಭೀರವಾಗಿ ವರನ ಮನೆತನ ವಿಚಾರಿಸತೊಡಗಿದಳು.

"ನಿಮ್ಮ ಮನ್ಯಾಗ ವರಲಿ ಅದಾವೇನ?"

"ಇದ್ದೂರಿ. ಈಗ ಎಲ್ಲಾ ಕಿತ್ತ ಹಾಕೇವಿ."

"ನಮ್ಮಾಕಿ ಮ್ಯಾಲ ಏನ ಹೊರಸ್ತೀರಿ, ಸಿಮೆಂಟೋ, ಮಣ್ಣೋ?"

ಅಪ್ಪ ಅವ್ವನ ಕಡೆ ನೋಡಿದರು. ಅವ್ವ ತೊಲೆಯ ಕಡೆ ನೋಡುತ್ತಿದ್ದಳು.

"ಮಣ್ಣ್ರಿ."

"ವರ್ಷಾ ಮಳಿಗಿಂತ ಮದಲ ಹೊಸಾ ಮಣ್ಣ ಹಾಕಸ್ತೀರೇನ? ಇಲ್ಲಂದ್ರ ಸೋರಿ ಕೊಳೀತಾಳ."

"ಹಾಕಸ್ತೀವ್ರಿ" ಎಂದರು ಅಪ್ಪ, ಬಲು ಮೆಲ್ಲಗೆ.

ಬಸಲಿಂಗವ್ವ ತೊಲೆಗೆ ಅರಿಶಿನ ಸವರಿ ಕುಂಕುಮ ಹಚ್ಚಿದಳು. ಹಸಿರು ಕುಪ್ಪಸದ ಖಣದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ ಕಟ್ಟಿ ಅದರ ನಡುವಿಗೆ ಸುತ್ತಿ, ಮಗಳನ್ನು ಗಂಡನ ಮನೆಗೆ ಕಳಿಸುವಾಗಿನಂತೆ ಉಡಿ ತುಂಬಿದಳು. ಟ್ರ್ಯಾಕ್ಟರಿಗೆ ಹೇರುವಾಗ, "ಸಾವಕಾಶ ಹಿಡೀರೋ, ಒಗೀಬ್ಯಾಡ್ರಿ" ಎಂದು ಆಳುಗಳನ್ನು ಗದರಿಸುತ್ತಲೇ ಕಣ್ಣೊರೆಸಿಕೊಂಡಳು. ಗಾಡಿ ಹೊರಟ ಮೇಲೆ ಅಪ್ಪ ಅವ್ವನಿಗೆ, "ಏನ ಹೆಂಗಸದೀಯ ನೀ. ನನ್ನ ಬಾಯಿಲೇನ ಮಣ್ಣ ಅನಸಿದಿ" ಎಂದರು. ಅವ್ವ ನಗು ತಡೆದುಕೊಂಡಿದ್ದು ನನಗೆ ಕಂಡಿತು.

ಮಿರಗದ ಮೊದಲ ಮಳೆಗೆ ಮುಂಚೆ ತೊಲೆ ಏರಿತು. ಅದರ ಮೇಲೆ ನರಗುಂದದ ಜಂತಿ, ಹತ್ತಿ ಕಟ್ಟಿಗೆ, ಬೇವಿನ ತಪ್ಪಲು, ಕೊನೆಗೆ ಹಾಳುಮಣ್ಣು. ಎಷ್ಟೋ ದಿನ ಮನೆಯೆಲ್ಲ ಬೇವು ಕಹಿಯಾಗಿ ನಾರುತ್ತಿತ್ತು. ಬಸಲಿಂಗವ್ವ ಒಮ್ಮೆ ಬಂದು, ಮೇಲೆ ನೋಡುತ್ತ ಮಜ್ಜಿಗೆ ಕುಡಿದು ಹೋದಳು.

ಈಗ ಆಕೆಯಿಲ್ಲ. ಹಳೆಯ ತೊಲೆ, ಬಾಗಿಲುಗಳಿಗೆ ಈಗಲೂ ಗಿರಾಕಿಗಳಿದ್ದಾರೆ, ಮೊದಲಿಗಿಂತ ಹೆಚ್ಚೇ. ಮೊಬೈಲಿನಲ್ಲಿ ಫೋಟೋ ಹೋಗುತ್ತದೆ, ಲಾರಿ ಬರುತ್ತದೆ, ದೂರದ ಹೋಟೆಲೊಂದರ ಗೋಡೆಗೆ ಅಲಂಕಾರವಾಗುತ್ತದೆ. ಎಲ್ಲಿಗೆ ಕೊಡುತ್ತಿದ್ದೇವೆ ಎಂದು ಕೊಡುವವರು ಕೇಳುವುದಿಲ್ಲ, ಯಾರ ಮನೆಯದು ಎಂದು ಒಯ್ಯುವವರೂ ಕೇಳುವುದಿಲ್ಲ. ನಮ್ಮ ಓಣಿಯಲ್ಲಿ ಮಣ್ಣಿನ ಮಾಳಿಗೆ ಉಳಿದಿರುವುದು ನಮ್ಮದೊಂದೇ. ಊರಲ್ಲಿ ಹಳೆಯ ಗೋಡೆಗಳೇ ಮುಗಿದಿರುವುದರಿಂದ ಹಾಳುಮಣ್ಣೂ ಸಿಗುವುದಿಲ್ಲ.

ಈ ಬೇಸಿಗೆ ಧಾರವಾಡದಿಂದ ಊರಿಗೆ ಹೋಗಿದ್ದೆ. ಊಟಕ್ಕೆ ಕುಳಿತಾಗ ಅಪ್ಪ ಯಾರ ಮುಖವನ್ನೂ ನೋಡದೆ, "ನನಗಂತೂ ನಿಚ್ಚಣಿಕಿ ಹತ್ತಾಕ ಆಗವಲ್ದು. ಮಣ್ಣ ತರಾವ್ರೂ ಇಲ್ಲ. ಈ ಸಲ ಸ್ಲ್ಯಾಬ ಹಾಕಿಸಿಬಿಡೂಣೇನು?" ಎಂದರು. ಅವ್ವ ರೊಟ್ಟಿ ಮುರಿಯುತ್ತ ಕುಳಿತಳು.

ಮರುದಿನ ಬೆಳಿಗ್ಗೆ ನಾನು ಹತ್ತಿರದ ಹಳ್ಳಿ ಅಸೂಟಿಗೆ ಹೋಗುವ ಬಸ್ಸು ಹತ್ತಿದೆ. ಅಲ್ಲಿ ಯಾರೋ ಹಳೆಯ ಮಣ್ಣಿನ ಮನೆ ಕೆಡವುತ್ತಿದ್ದಾರೆಂದು ಕೇಳಿದ್ದೆ.