ಉಗುರುಬಣ್ಣದ ಚುಕ್ಕಿ

ದೇವರ ಹಿಪ್ಪರಗಿಯ ಶಾಲೆಯೊಂದರಲ್ಲಿ ಇಡೀ ಮಕ್ಕಳ ಹಿಂಡಿಗೆ ಬಿಸಿಯೂಟ ಬೇಯಿಸಿ ಬಡಿಸುವ ಚನ್ನವ್ವ ಮನೆಯಲ್ಲಿ ತಾನು ತಿನ್ನುವುದು ಮಾತ್ರ ಆರಿದ ರೊಟ್ಟಿ. ಬಡತನಕ್ಕಲ್ಲ, ರೂಢಿಗೆ. ಗಂಡ ಉಣ್ಣುವ ಮೊದಲು ಉಣ್ಣಬಾರದೆಂದು ಗೊಳಸಂಗಿಯ ತವರಿನಿಂದ ಹೊರಡುವಾಗ ತಾಯಿ ಹೇಳಿ ಕಳಿಸಿದ್ದಳು. ಗಂಡ ಪರಪ್ಪನೋ ಫೋಟೊ ತೆಗೆಯುವವನು. ಮದುವೆ, ಕುಬುಸ, ತೊಟ್ಟಿಲು ಅಂತ ಊರೂರು ಅಲೆಯುವವನಿಗೆ ಹೊತ್ತೂ ಇಲ್ಲ ಗೊತ್ತೂ ಇಲ್ಲ. ಅವನು ತೀರಿಕೊಂಡು ವರ್ಷವಾದರೂ ಇವಳು ದಾರಿ ಕಾಯುವುದು ನಿಂತಿಲ್ಲ. ಬುಟ್ಟಿಯಲ್ಲಿ ರೊಟ್ಟಿ ಮುಚ್ಚಿಟ್ಟು ಕೂಡುತ್ತಾಳೆ. ಯಾರಿಗಾಗಿ ಅಂತ ಕೇಳಿದರೆ ಸಿಟ್ಟಿಗೇಳುತ್ತಾಳೆ, ಯಾಕೆಂದರೆ ಉತ್ತರ ಅವಳಿಗೂ ಗೊತ್ತಿಲ್ಲ.

ಮಕ್ಕಳಾಗಲಿಲ್ಲ. ಹೀಗಾಗಿ ಬಸುರಿಗೆ ಕುಬುಸ ಮಾಡುವ ಮನೆಯವರು ಪರಪ್ಪನನ್ನು ಕರೆಯುತ್ತಿದ್ದರು, ಚನ್ನವ್ವನನ್ನು ಕರೆಯುತ್ತಿರಲಿಲ್ಲ. ನಮ್ಮ ಜನ ಹಾಗೆಯೇ, ಬಾಯಲ್ಲಿ ಎಲ್ಲರೂ ಅಕ್ಕ ತಂಗಿ, ಉಡಿ ತುಂಬುವಾಗ ಮಾತ್ರ ಬಂಜೆಯ ನೆರಳು ಬೇಡ. ಪರಪ್ಪ ಮನೆಗೆ ಬಂದವನೇ ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಹಸಿರು ಬಳೆ, ಹಸಿರು ಸೀರೆ, ನಾಚಿದ ಮುಖಗಳನ್ನು ಒಂದೊಂದಾಗಿ ತೋರಿಸುತ್ತಿದ್ದ. ಚನ್ನವ್ವ ಊರಿನ ಕುಬುಸಗಳನ್ನೆಲ್ಲ ನೋಡಿದ್ದು ಆ ಪರದೆಯಲ್ಲೇ.

ಊರಿಗೆಲ್ಲ ಫೋಟೊ ತೆಗೆದವನದು ಮನೆಯಲ್ಲಿ ಒಂದು ನೆಟ್ಟಗಿನ ಫೋಟೊ ಇರಲಿಲ್ಲ. ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿರುವುದು ಆಧಾರ್ ಕಾರ್ಡಿನ ಮುಖ, ದೊಡ್ಡದು ಮಾಡಿಸಿದ್ದು. ಪೊಲೀಸರು ಹಿಡಿದು ತಂದ ಕಳ್ಳನ ಹಾಗೆ ಕಾಣುತ್ತಾನೆ. ಅದನ್ನಾದರೂ ಸಹಿಸಬಹುದಿತ್ತು. ಅವಳು ಯಾರಿಗೂ ಹೇಳದ ಸಂಕಟ ಬೇರೆಯೇ ಇತ್ತು. ಅವನ ದನಿ ಮರೆತುಹೋಗುತ್ತಿತ್ತು. ಆಡಿದ ಮಾತು ನೆನಪಿದೆ, ಆದರೆ ಆ ಮಾತು ಈಗ ಅವಳ ತಲೆಯಲ್ಲಿ ಅವಳದೇ ದನಿಯಲ್ಲಿ ಕೇಳಿಸುತ್ತದೆ. ಇದಕ್ಕೆ ಅವಳು ಹೆದರಿಹೋಗಿದ್ದಳು.

ವರ್ಷದ ಪೂಜೆಯ ಮರುದಿನ ಪೆಟ್ಟಿಗೆ ತೆಗೆದು ಕ್ಯಾಮೆರಾ ಕೈಗೆತ್ತಿಕೊಂಡಳು. ಮೈದುನನ ಮಗ ಸಂಗಮೇಶ ಅದರೊಳಗಿನ ಮೆಮೊರಿ ಕಾರ್ಡನ್ನು ಎಂದೋ ಒಯ್ದಿದ್ದ. ಇನ್ನು ಇದರಲ್ಲೇನಿದೆ ಎಂದುಕೊಳ್ಳುತ್ತಲೇ, ಪೆಟ್ಟಿಗೆಯಲ್ಲಿದ್ದ ನಾಲ್ಕು ಚಾರ್ಜಿನ ಸೆಲ್ಲುಗಳಲ್ಲಿ ಎರಡನ್ನು ಪರಪ್ಪ ಮಾಡುತ್ತಿದ್ದಂತೆ ಚಾರ್ಜ್ ಮಾಡಿ ಹಾಕಿ ಗುಂಡಿ ಒತ್ತಿದಳು. ಕಾರ್ಡು ಇಲ್ಲದ್ದಕ್ಕೇ ಇರಬೇಕು, ಕ್ಯಾಮೆರಾ ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿದ್ದ ಒಂದು ವಿಡಿಯೊ ತೋರಿಸಿತು. ಚನ್ನವ್ವನೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ, ಕೂದಲು ಇನ್ನೂ ಕಪ್ಪಗಿದೆ. “ನನ್ನ ಮಾರಿ ಏನ್ ಹಿಡೀತೀರಿ? ಇವತ್ತರ ಊಟಕ್ಕ ಬರ್ತೀರೋ ಇಲ್ಲೋ?” ಅಂತ ಮುಖ ಎತ್ತಿ ಕೇಳುತ್ತಾಳೆ. ಕ್ಯಾಮೆರಾ ಹಿಡಿದವನು ಗಂಟಲು ಸರಿಮಾಡಿಕೊಳ್ಳುತ್ತಾನೆ. ಅಷ್ಟೇ. ಬ್ಯಾಟರಿ ಮುಗಿದ ಕೆಂಪು ಗುರುತು ಮಿನುಗಿ ಪರದೆ ಕಪ್ಪಾಯಿತು.

ಆ ಕೆಮ್ಮಿನ ಹಿಂದೆ ಅವನ ದನಿಯಿತ್ತು. ಅವಳಿಗೆ ಅದು ಬೇಕಿತ್ತು.

ನಾಲ್ಕು ಸೆಲ್ಲುಗಳನ್ನೂ ಚಾರ್ಜ್ ಮಾಡಿ ಕೈಗೆ ಸಿಕ್ಕಂತೆ ಅದಲುಬದಲು ಹಾಕಿ ನೋಡಿದಳು. ಪ್ರತಿಸಲವೂ ಆ ಕೆಮ್ಮಿನ ಆಚೀಚೆಗೇ ಪರದೆ ಆರುತ್ತಿತ್ತು. ಅಂಗಡಿಯಿಂದ ಗಡಿಯಾರದ ಸೆಲ್ಲು ತಂದು ಹಾಕಿದರೆ ಮಸೂರ ಅರ್ಧ ಹೊರಬಂದು ಆಮೆಯ ತಲೆಯಂತೆ ಅಲ್ಲೇ ನಿಂತಿತು. ಪಕ್ಕದ ಮನೆಯ ಹನಮವ್ವ ಅಂಗಳದಿಂದಲೇ ಉಪಾಯ ಹೇಳಿದಳು. “ಮಾಳಿಗಿ ಮ್ಯಾಲೆ ಬಿಸಲಿಗಿಡ. ನಮ್ಮ ಬ್ಯಾಟರಿ ಸೆಲ್ ಹಂಗ ಇಟ್ರ ಮತ್ತೆಂಟು ದಿನ ಬರ್ತಾವ.” ಮೆಣಸಿನಕಾಯಿಯ ಪಕ್ಕದಲ್ಲಿ ಸೆಲ್ಲುಗಳೂ ದಿನವಿಡೀ ಒಣಗಿದವು. ಆಮೇಲೆ ಕ್ಯಾಮೆರಾ ಕಣ್ಣೇ ಬಿಡಲಿಲ್ಲ.

ಶನಿವಾರ ಅಡುಗೆ ಮುಗಿಸಿ ಸಿಂದಗಿಯ ಬಸ್ಸು ಹತ್ತಿದಳು. ಅಲ್ಲಿ ಮೊಬೈಲ್ ರಿಪೇರಿ ಮಾಡುವ ಕುತುಬುದ್ದೀನ ಪರಪ್ಪನ ಹಳೆಯ ಗೆಳೆಯ.

“ಬಿಸಲಿಗಿಟ್ಟಿದ್ರ್ಯಾ?” ಅಂತ ಅವನು ಹಣೆ ಚಚ್ಚಿಕೊಂಡ. “ಇವೇನ್ ಸಂಡಿಗೀನ್ರಿ ವೈನಿ? ಟಾರ್ಚಿನ ಸೆಲ್ ಬ್ಯಾರೆ, ಇವು ಬ್ಯಾರೆ. ಬಿಸಲಿಗೆ ಇವು ಇನ್ನಷ್ಟು ಸಾಯ್ತಾವ.”

“ಹಂಗಾರ ಒಳಗಿಂದು ನನ್ನ ಮೊಬೈಲಿಗೆ ಹಾಕಿಕೊಡಪಾ.”

“ಇದರ ವಾಯರ್ ಈಗ ಎಲ್ಲೂ ಸಿಗಂಗಿಲ್ರಿ. ಹೊಸಾ ಸೆಲ್ ತರಸ್ತೇನಿ, ಮುಂದಿನ ವಾರ ಬರ್ರಿ.” ಅವಳ ಮುಖ ನೋಡಿ ಮೀಟರು ತೆಗೆದ. ಸೆಲ್ಲುಗಳಿಗೆ ಒಂದೊಂದಾಗಿ ಹಿಡಿದ. “ನೋಡ್ರಿ, ಸುಮ್ಮನ ಕುಂತಾಗ ನಾಕೂ ಚಲೋನ ತೋರಸ್ತಾವ. ಕೆಲಸಕ್ಕ ಹಚ್ಚಿದ್ರ ಯಾವುದೋ ಒಂದು ಸೋಲ್ತೈತಿ. ಒಂದು ಸೋತ್ರ, ಜೋಡೀದು ಎಷ್ಟ ಗಟ್ಟಿ ಇದ್ರೂ ನಡಿಯಂಗಿಲ್ಲ. ಕೂಡಿ ದುಡದದ್ದನ್ನ ಅಗಲಸಬಾರದು.”

ಅವನು ಸೆಲ್ಲಿನ ಮಾತನ್ನೇ ಆಡಿದ್ದ. ಚನ್ನವ್ವನಿಗೆ ಮಾತ್ರ ಅದು ಬೇರೆಯೇ ಆಗಿ ಕೇಳಿಸಿತು. ಸೆರಗಿನಿಂದ ಮುಖ ಒರೆಸಿಕೊಂಡಳು.

“ಅಣ್ಣಾರು ಜೋಡಿಗೆ ಏನರ ಗುರುತು ಮಾಡಿರ್ತಾರ. ನೆನಪ ಮಾಡ್ಕೋರಿ,” ಎಂದ ಕುತುಬುದ್ದೀನ. “ಗುರುತಿನ ಜೋಡಿ ಹುಡಿಕಿ, ತುದಿ ಒರಿಸಿ, ಚಾರ್ಜ್ ಮಾಡಿ ಆರಾಕ ಬಿಟ್ಟು ಹಾಕ್ರಿ. ನಿಮ್ಮ ದೈವ ಇದ್ರ ನಡೀತಾವ.”

ವಾಪಸ್ಸು ಬರುವಾಗ ಕಿಟಕಿಯಾಚೆ ತೊಗರಿ ಹೊಲಗಳು ಓಡುತ್ತಿದ್ದವು. ಚನ್ನವ್ವನಿಗೆ ಇದ್ದಕ್ಕಿದ್ದಂತೆ ಉಗುರುಬಣ್ಣದ ಜಗಳ ನೆನಪಾಯಿತು. ಅವಳ ಕೆಂಪು ಉಗುರುಬಣ್ಣದ ಸೀಸೆ ಒಮ್ಮೆ ಕಾಣೆಯಾಗಿ, ಪರಪ್ಪನ ಚೀಲದಲ್ಲಿ ಸಿಕ್ಕಿತ್ತು. “ಯಾವಕಿಗೆ ಹಚ್ಚಾಕ ಒಯ್ದಿದ್ರಿ?” ಅಂತ ಕೇಳಿದ್ದಳು. “ಇವಕ್ಕ,” ಅಂತ ಅವನು ಸೆಲ್ಲು ತೋರಿಸಿ ನಕ್ಕಿದ್ದ. ಅವಳು ನಂಬದೆ ಮುಖ ತಿರುಗಿಸಿಕೊಂಡು ಮಾತು ಬಿಟ್ಟಿದ್ದಳು. ಅವನು ಸತ್ತ ಮೇಲೆ ಮನೆ ತೊಳೆದ ದಿನ ಸೆಲ್ಲುಗಳ ಮೇಲಿದ್ದ ಕೆಂಪು ಚುಕ್ಕಿಗಳನ್ನು ಕೊಳೆ ಎಂದುಕೊಂಡು ಪಾತ್ರೆ ಉಜ್ಜುವ ತಂತಿಯಿಂದ ಗಸಗಸ ಉಜ್ಜಿದವಳೂ ಅವಳೇ. ಉಜ್ಜುವುದೊಂದು ಕಲಿತಿದ್ದೀ, ನಿನ್ನ ಕೈಗೆ ಬೆಂಕಿ ಹಾಕಲಿ ಅಂತ ಬಸ್ಸಿನಲ್ಲೇ ತನ್ನನ್ನು ತಾನು ಬೈದುಕೊಂಡಳು.

ಭಾನುವಾರ ಬೆಳಗ್ಗೆ ಹೊಸ್ತಿಲಲ್ಲಿ ಕೂತು ನಾಲ್ಕೂ ಸೆಲ್ಲುಗಳನ್ನು ಬೆಳಕಿಗೆ ಹಿಡಿದಳು. ಎಲ್ಲವೂ ಒಂದೇ ತರ, ತಿಕ್ಕಿದ ತಾಟಿನ ಹಾಗೆ ಬೋಳು. ಹೊರಳಿಸಿ ಹೊರಳಿಸಿ ನೋಡುವಾಗ ಒಂದರ ಮೇಲ್ತುದಿಯ ಉಬ್ಬಿನ ಸುತ್ತಿನ ಸಂದಿಯಲ್ಲಿ, ತಂತಿ ಮುಟ್ಟದ ಜಾಗದಲ್ಲಿ, ಸಾಸಿವೆಯಷ್ಟು ಕೆಂಪು ಕಂಡಿತು. ಇನ್ನೊಂದರಲ್ಲಿಯೂ ಇತ್ತು. ಉಳಿದೆರಡರಲ್ಲಿ ಇರಲಿಲ್ಲ. ಸತ್ತವನ ಮೇಲೆ ಇಷ್ಟು ದಿನ ಇದ್ದ ಒಂದು ಸಣ್ಣ ಅನುಮಾನವೂ ಆ ಹೊಸ್ತಿಲಲ್ಲೇ ಕರಗಿತು. ಅವಳಿಗೆ ನಾಚಿಕೆಯೂ ಆಯಿತು, ಅಳುವೂ ಬಂತು.

ಆ ಜೋಡಿಯ ತುದಿಗಳನ್ನು ಒರೆಸಿ ಚಾರ್ಜರಿಗೆ ಹಾಕಿದಳು. ಅವು ತುಂಬಿಕೊಳ್ಳುವಾಗ ಅಂಗಳ ಗುಡಿಸಿ, ಹಿಟ್ಟು ನಾದಿದಳು. ಹಸಿರು ದೀಪ ಬಂದ ಮೇಲೆ ಸೆಲ್ಲುಗಳನ್ನು ತೆಗೆದು ಆರಲು ಬಿಟ್ಟು ರೊಟ್ಟಿ ಬಡಿದಳು. ಕೊನೆಯ ರೊಟ್ಟಿ ಹೆಂಚಿನಿಂದ ಇಳಿಸಿ, ಕೈ ತೊಳೆದು, ಕ್ಯಾಮೆರಾಕ್ಕೆ ಸೆಲ್ಲು ಹಾಕಿದಳು. ಅದು ಎಂದಿನಂತೆ ಮೊದಲು ತಾರೀಖು ಕೇಳಿತು, ತಾನು ಹುಟ್ಟಿದ ವರ್ಷವನ್ನೇ ತೋರಿಸುತ್ತ. ಅದರ ಪಾಲಿಗೆ ಪರಪ್ಪ ಇನ್ನೂ ಬದುಕಿದ್ದ. ಚನ್ನವ್ವ ತಿದ್ದಲಿಲ್ಲ.

“ಇವತ್ತರ ಊಟಕ್ಕ ಬರ್ತೀರೋ ಇಲ್ಲೋ?”

ಕೆಮ್ಮು. ಪರದೆ ಆರಲಿಲ್ಲ.

“ತಡಾ ಆಗ್ತೈತಿ ಚನ್ನಿ.” ದಪ್ಪ ದನಿ, ಕೊನೆಯಲ್ಲಿ ಸ್ವಲ್ಪ ಒಡೆದದ್ದು. ಹೌದು, ಇದೇ. ಇದನ್ನು ಅವಳು ಹೇಗೆ ಮರೆತಿದ್ದಳು! “ನೀ ಉಣ್ಣು. ನನ್ನ ದಾರಿ ಕಾಕೋಂತ ಕುಂಡ್ರಬ್ಯಾಡ. ಸೆಲ್ ಮುಗಿಯಾಕ ಬಂದಾವ, ಬಂದ್ ಮಾಡ್ತೇನಿ.”

ವಿಡಿಯೊ ತಾನಾಗಿಯೇ ಮುಗಿಯಿತು. ಚನ್ನವ್ವ ಬಿಕ್ಕಿ ಬಿಕ್ಕಿ ಅತ್ತಳು. ಮತ್ತೊಮ್ಮೆ ಕೇಳಲು ಬೆರಳು ಗುಂಡಿಯವರೆಗೆ ಹೋಯಿತು, ಒತ್ತಲಿಲ್ಲ. ಸೆಲ್ಲುಗಳನ್ನು ತೆಗೆದು, ಎರಡನ್ನೂ ಜೋಡಿಸಿ ದಾರ ಸುತ್ತಿ ಇಟ್ಟಳು.

“ಆತ್ರಿ,” ಎಂದಳು ಗೋಡೆಯ ಕಡೆ ನೋಡಿ.

ಬುಟ್ಟಿಯ ಮುಚ್ಚಳ ತೆಗೆದು ತನ್ನ ತಾಟಿಗೆ ಒಂದು ರೊಟ್ಟಿ ಹಾಕಿಕೊಂಡಳು. ಅದಿನ್ನೂ ಬಿಸಿ ಇತ್ತು.