ಸಾಹೇಬರು ಬಂದಾಗ ಸಾಲಿನಲ್ಲಿ ನಿಂತವಳು

ನಮ್ಮ ಆಸ್ಪತ್ರೆಯ ಹಿರಿಯ ನರ್ಸು ಬಾಯಾರ ಬಗ್ಗೆ ಹಳಿಯಾಳದಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ನರ್ಸುಗಳನ್ನು ಹೆತ್ತ ಮಕ್ಕಳಂತೆ ನೋಡಿಕೊಂಡರು. ಚರ್ಚಾಕೂಟಗಳಲ್ಲಿ ಪಳಗಿದ ನನಗೆ ಇಂಥ ಮಾತು ಕಿವಿಗೆ ಬಿದ್ದರೆ ನಾಲಿಗೆ ತುರಿಸುತ್ತದೆ. ನೋಡಿಕೊಂಡರು, ಒಪ್ಪಿದೆ. ಅದರಿಂದ ಆದದ್ದೇನು?

ಆ ಸಣ್ಣ ಆಸ್ಪತ್ರೆಯಲ್ಲಿ ನಾನೂ ಅವರ ಕೈಕೆಳಗಿನ ನರ್ಸು. ನಮ್ಮಲ್ಲಿ ಯಾರಿಗೆ ಜ್ವರ ಬಂದರೂ ಅವರು ಮೇಲಿನವರಿಗೆ ತಿಳಿಸುತ್ತಿರಲಿಲ್ಲ. ತಾವೇ ಗಂಜಿ ಕಾಯಿಸಿ ಕುಡಿಸಿ, ಆಕೆಯ ಪಾಳಿಯನ್ನೂ ತಾವೇ ಮಾಡುತ್ತಿದ್ದರು. ವಾರ್ಡು ನಡೆಯುತ್ತಿತ್ತು. ನಡೆಯುತ್ತಿರುವ ವಾರ್ಡಿಗೆ ಇನ್ನೊಬ್ಬ ನರ್ಸನ್ನು ಯಾರು ಕೊಡುತ್ತಾರೆ?

ನನ್ನ ಕೋಣೆಯಲ್ಲಿದ್ದ ಜೋಯಿಡಾ ಕಡೆಯ ಗೆಳತಿಗೆ ಕೆಮ್ಮು ಹಿಡಿಯಿತು. ಸಂಜೆಯಾದರೆ ಮೈ ಬಿಸಿ. ಅಷ್ಟರಲ್ಲಿ ಜಿಲ್ಲೆಯ ದೊಡ್ಡ ಡಾಕ್ಟರ್ ಸಾಹೇಬರು ತಪಾಸಣೆಗೆ ಬರುವ ಸುದ್ದಿ ಬಂತು.

"ಈಕಿನ್ನ ಸಾಹೇಬರಿಗೆ ತೋರಸ್ರಿ ಬಾಯಾರ. ಈಗ ಸೂಜಿ ಬಂದಾವ, ಆರಾಮ ಆಗ್ತೈತಿ," ಎಂದೆ.

"ಕ್ಷಯ ಅಂತ ಒಮ್ಮೆ ಬರದ್ರ ನೌಕರಿ ಹೋತು. ಕೊಳ್ಳಾಗ ತಾಳಿನೂ ಬೀಳಂಗಿಲ್ಲ. ನೀ ಭಾಷಣ ಮಾಡ್ತಿ, ಆಕಿಗೆ ಅನ್ನ ಹಾಕ್ತಿಯೇನು?"

"ಸತ್ತ ಮ್ಯಾಲೆ ನೌಕರಿ ಯಾರಿಗ್ರಿ?"

"ಬಾಯಿ ಮುಚ್ಚು. ಇಸ್ತ್ರಿ ಕಾಸು, ಹೋಗು."

ಗೆಳತಿ ನಕ್ಕಳು. "ಜಗಳ ಬಿಡ್ರಿ. ನಾ ನೆಟ್ಟಗ ನಿಂದರ್ತೇನಿ. ಸಾಹೇಬನೇ ನನ್ನ ಮೆಚ್ಚಿ ಹಾರ ಹಾಕಿದ್ರ ಏನ್ಮಾಡ್ತೀರಿ?"

ಸಾಹೇಬರು ಬರುವ ದಿನ ಬಾಯಾರೇ ಆಕೆಯ ಸೀರೆಗೆ ಗಂಜಿ ಹಾಕಿದರು. ಕೆನ್ನೆಗೆ ಕುಂಕುಮ ತೀಡಿ ಕೆಂಪೇರಿಸಿದರು. ಕೆಮ್ಮು ತಡೆಯಲೆಂದು ಬಾಯಿಗೆ ಲವಂಗ ಕೊಟ್ಟು ಸಾಲಿನ ನಡುವೆ ನಿಲ್ಲಿಸಿದರು. ಜಿಲ್ಲೆ ಹೊಸ ರಾಜ್ಯಕ್ಕೆ ಸೇರಿದ ಮೇಲೆ ಮೈಸೂರು ಕಡೆಯಿಂದ ಬಂದಿದ್ದ ಸಾಹೇಬರು ನಮ್ಮನ್ನೆಲ್ಲ ನೋಡಿ ಹಿಗ್ಗಿದರು.

"ಹುಡುಗೀರೆಲ್ಲ ಗಟ್ಟಿಮುಟ್ಟಾಗಿದ್ದಾರಲ್ಲಮ್ಮ! ಇನ್ನೊಬ್ಬ ನರ್ಸ್ ಬೇಕು ಅಂತ ಪ್ರತಿ ಸಲ ಕೇಳ್ತೀರಲ್ಲ, ಯಾತಕ್ಕೆ?"

ಬಾಯಾರು ಕೈ ಮುಗಿದರು, ಅಷ್ಟೆ. ಗೆಳತಿ ಉಸಿರು ಬಿಗಿಹಿಡಿದು ನಿಂತಿದ್ದಳು. ಆಕೆಯ ಕಣ್ಣಲ್ಲಿ ನೀರು ತುಂಬಿತ್ತು. ನಮ್ಮ ಬೇಡಿಕೆ ಅಲ್ಲಿಗೇ ಮುಗಿಯಿತು.

ಮಳೆಗಾಲ ಕಳೆಯುವ ಹೊತ್ತಿಗೆ ಗೆಳತಿಗೆ ಕೆಮ್ಮಿದರೆ ರಕ್ತ ಬರತೊಡಗಿತು. ಆಗ ಸೂಜಿ ಚುಚ್ಚಿದರು, ಮದ್ದು ನಾಟಲಿಲ್ಲ. ಅಣ್ಣ ಬಂದು ಆಕೆಯನ್ನು ಬಸ್ಸಿನಲ್ಲಿ ಊರಿಗೆ ಕರೆದುಕೊಂಡು ಹೋದ. ಸತ್ತ ಸುದ್ದಿ ತಂದದ್ದೂ ಅದೇ ಬಸ್ಸಿನ ಕಂಡಕ್ಟರ್.

ಆಕೆಯ ಜಾಗಕ್ಕೆ ಯಾರೂ ಬರಲಿಲ್ಲ. ಆಕೆಯ ಪಾಳಿಯನ್ನು ಬಾಯಾರೇ ಮಾಡಿದರು, ಎಷ್ಟು ಅಚ್ಚುಕಟ್ಟಾಗಿ ಎಂದರೆ ಆ ಜಾಗ ಖಾಲಿ ಇರುವುದೇ ಮೇಲಿನವರಿಗೆ ಕಾಣಲಿಲ್ಲ. ಒಂದು ಮಧ್ಯಾಹ್ನ ವಾರ್ಡಿನ ಬಾಗಿಲಲ್ಲಿ ಕಾಲು ಬಾತು ಕುಳಿತಿದ್ದ ಅವರ ಎದುರು ನಿಂತೆ. ವಾದ ಗೆಲ್ಲುವ ಆಸೆ ಆಗ ನನ್ನಲ್ಲಿ ಉಳಿದಿರಲಿಲ್ಲ.

"ಬಾಯಾರ, ಅವತ್ತ ಆಕಿ ಸಾಹೇಬರ ಮುಂದ ಒಮ್ಮೆ ಕೆಮ್ಮಿದ್ರ ಏನಾಗ್ತಿತ್ರಿ?"