ಕುರಿ ಕಾಕಾ ತೋರಿಸಿದ ಗವಿ

ವಿಜಯಪುರದ ಮನೆಯಲ್ಲಿ ಟ್ರಂಕಿನಲ್ಲಿ ಏನೋ ಹುಡುಕುವಾಗ ಹಳೆಯ ಕ್ಯಾಮೆರಾದ ಪಟ್ಟಿಯೊಂದು ಕೈಗೆ ಸಿಕ್ಕಿತು. ಮೂಗಿಗೆ ಹಿಡಿದೆ. ಇನ್ನೂ ಉಣ್ಣೆಯ ವಾಸನೆ... ಮಳೆ ಬಂದ ದಿನ ಆ ಕ್ಯಾಮೆರಾವನ್ನು ತನ್ನ ಕಂಬಳಿಯಲ್ಲಿ ಸುತ್ತಿ ಕಾಯ್ದವನು ನೆನಪಾದ.

ಆಗ ನಾನು ಮಮದಾಪುರದ ಕುರುಚಲು ಕಾಡಿನಲ್ಲಿ ತೋಳಗಳ ಲೆಕ್ಕಕ್ಕೆ ತಿರುಗುತ್ತಿದ್ದೆ. ಪ್ರಾಣಿ ಎದುರು ಹಾದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾಗಳನ್ನು ಜಾಲಿ ಗಿಡಗಳಿಗೆ ಕಟ್ಟುವುದು, ವಾರಕ್ಕೊಮ್ಮೆ ಕಾರ್ಡು ಬದಲಿಸುವುದು ನನ್ನ ಕೆಲಸ. ಎರಡು ತಿಂಗಳು ನರಿ, ಮೊಲ, ದಾರಿ ತಪ್ಪಿದ ಎಮ್ಮೆ ಬಿಟ್ಟರೆ ಏನೂ ಬೀಳಲಿಲ್ಲ. ಅಲ್ಲೇ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ನನ್ನ ಪಾಡು ನೋಡಿ ನಕ್ಕ.

“ತ್ವಾಳ ನಿನ್ನ ಗಿಡದ ಮುಂದ ಯಾಕ ಬರತೈತಿ ತಮ್ಮಾ? ಅದರ ಹಾದಿ ಬ್ಯಾರೆ ಐತಿ.”

ಅಂದಿನಿಂದ ಅವನು ನನಗೆ ಕಾಕಾ. ಆ ವರ್ಷ ಅವನ ಹಿಂಡಿನಿಂದಲೂ ತೋಳ ಮೂರು ಮರಿ ಒಯ್ದಿತ್ತು. “ಸಿಟ್ಟು ಬರಂಗಿಲ್ಲೇನು ಕಾಕಾ?” ಎಂದು ಕೇಳಿದ್ದೆ.

“ಬರತೈತಿ. ಅದಕ್ಕೂ ಮರಿ ಅದಾವಲ್ಲ...”

ಒಂದು ಮುಂಜಾನೆ ಹಳ್ಳದ ದಂಡೆಗೆ ಕರೆದೊಯ್ದು, ಸೀಳು ಬಂಡೆಯ ಕೆಳಗಿದ್ದ ತೋಳದ ಗವಿ ತೋರಿಸಿದ. ಯಾರ ಮುಂದೂ ಬಾಯಿ ಬಿಡಬಾರದೆಂದ. ಬಿಡುವುದಿಲ್ಲ ಎಂದು ಆಣೆ ಮಾಡಿ, ಗವಿಯ ಎದುರಿನ ಜಾಲಿ ಗಿಡಕ್ಕೆ ಒಂದು ಕ್ಯಾಮೆರಾ ಕಟ್ಟಿದೆ.

ಮುಂದಿನ ವಾರದ ಕಾರ್ಡಿನಲ್ಲಿ ನಾಲ್ಕು ಮರಿಗಳು ತಾಯಿಯ ಬಾಲ ಕಚ್ಚಿ ಆಡುತ್ತಿದ್ದವು. ಅಂಥ ಫೋಟೋ ನನಗೆ ಅದುವರೆಗೆ ಸಿಕ್ಕಿರಲಿಲ್ಲ. ತಡೆಯಲಾಗಲಿಲ್ಲ. ಬಬಲೇಶ್ವರದ ಚಹಾದಂಗಡಿಯಲ್ಲಿ ಕೂತು ಒಬ್ಬ ಗೆಳೆಯನಿಗೆ ಕಳಿಸಿದೆ. ಒಬ್ಬನಿಗೆ ಮಾತ್ರ... ಎರಡೇ ದಿನದಲ್ಲಿ ಅದು ಮಮದಾಪುರದ ಫೋನುಗಳಿಗೂ ಬಂದಿತ್ತು. ಕುರಿ ಕಳೆದುಕೊಂಡವರಿಗೆ ಫೋಟೋದಲ್ಲಿದ್ದ ಸೀಳು ಬಂಡೆಯ ಗುರುತು ಹತ್ತಲು ಹೊತ್ತು ಬೇಕಾಗಲಿಲ್ಲ.

ನಾನು ಹೋದಾಗ ಗವಿಯ ಬಾಯಿ ಕಪ್ಪಾಗಿತ್ತು. ಪಕ್ಕದಲ್ಲಿ ಹೊಸ ಮಣ್ಣಿನ ಗುಡ್ಡೆಯಿತ್ತು. ಕ್ಯಾಮೆರಾ ಎಲ್ಲವನ್ನೂ ತೆಗೆದಿತ್ತು: ಮುಳ್ಳು ತುಂಬಿ ಬೆಂಕಿ ಹಚ್ಚುತ್ತಿದ್ದ ಮೂವರು, ಹೊಗೆ, ಆಮೇಲೆ ತಾಯಿ ತೋಳ. ಮೂರು ಸಂಜೆ ಬಂದು ಅರೆಸುಟ್ಟ ಮುಳ್ಳಿನ ಮುಂದೆ ನೆಲ ಕೆದರಿತ್ತು. ಕೊನೆಯ ಫೋಟೋಗಳಲ್ಲಿ ಕಾಕಾ ಬರಿಗೈಯಿಂದ ಮುಳ್ಳು ಎಳೆದು, ಸತ್ತ ಮರಿಗಳನ್ನು ಒಂದೊಂದಾಗಿ ಹೊರತೆಗೆದು ಹೂಳುತ್ತಿದ್ದ.

ನಾವಿಬ್ಬರೂ ಹಳ್ಳದ ಕಡೆ ಹೋದದ್ದನ್ನು ಯಾರೋ ನೋಡಿದ್ದರಂತೆ. “ಗವಿ ಗೊತ್ತಿದ್ರೂ ಮುಚ್ಚಿಟ್ಟಾನ” ಎಂದು ಊರು ಅವನ ಮೇಲೆ ತಿರುಗಿಬಿತ್ತು. ಗೊಬ್ಬರಕ್ಕೆಂದು ಪ್ರತಿ ವರ್ಷ ಅವನ ಹಿಂಡನ್ನು ಹೊಲಕ್ಕೆ ಕರೆಯುತ್ತಿದ್ದವರು ಯಾರೂ ಕರೆಯಲಿಲ್ಲ. ಹಿಂಡು ನಿಲ್ಲಿಸಲು ಜಾಗವಿಲ್ಲದೆ ಕುರಿ ಮಾರಿದ. ತಿಕೋಟಾದ ದ್ರಾಕ್ಷಿ ತೋಟವೊಂದರಲ್ಲಿ ಹಕ್ಕಿ ಓಡಿಸುವ ಕೆಲಸಕ್ಕೆ ಸೇರಿದ.

ಅಲ್ಲಿಗೆ ಒಮ್ಮೆ ಹೋಗಿದ್ದೆ. “ತಪ್ಪಾತು ಕಾಕಾ” ಎಂದೆ. ತಗಡಿನ ಡಬ್ಬಿ ಬಡಿಯುವುದನ್ನು ನಿಲ್ಲಿಸಿದ.

“ನನಗ ಯಾಕ ಹೇಳ್ತಿ? ಆ ತಾಯಿಗೆ ಹೋಗಿ ಹೇಳು.”

ಮತ್ತೆ ಬಡಿಯತೊಡಗಿದ. ನಾನು ಬಂದ ದಾರಿಯಲ್ಲೇ ಹಿಂತಿರುಗಿದೆ.

ಪಟ್ಟಿ ಸಿಕ್ಕ ಮರುದಿನವೇ ತಿಕೋಟಾದ ಬಸ್ಸು ಹತ್ತಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ. ತೋಟದ ಮಾಲೀಕ ನನ್ನ ಗುರುತು ಹಿಡಿಯಲಿಲ್ಲ. ಹಕ್ಕಿ ಓಡಿಸುತ್ತಿದ್ದ ಕಾಕಾ ಎಲ್ಲಿ ಎಂದು ಕೇಳಿದೆ.

“ಆ ಮುದುಕಾನೇನ್ರಿ? ಹ್ವಾದ ವರ್ಷನ ತೀರಿಕೊಂಡಾನ್ರಿ. ನೀವು ಅವಗ ಏನಾಗಬೇಕ್ರಿ?”

ಏನೂ ಆಗಬೇಕಿಲ್ಲ ಎಂದೆ. ಅವನು ಕೊಟ್ಟ ನೀರು ಕುಡಿದು, ಜೋಡಿಸಿಕೊಂಡ ಮಾತುಗಳನ್ನೆಲ್ಲ ಹಾಗೇ ಹೊತ್ತುಕೊಂಡು ಬಸ್ ನಿಲ್ದಾಣದ ಕಡೆ ನಡೆದೆ.